ಒಂದೇ ಸಲ ಎಣಿಸಿದ ಕೆಂಪು ಬಟನ್ನಿನವರಿಗೆ

ಗೆ,
ಶ್ರೀಮಾನ್ ಕೆಂಪು ಬಟನ್ ಅವರು,
ಹದಿನೇಳನೆಯ ಮೇಜು, ಬೋರ್ಡಿನ ಎಡಗಡೆಯ ಕೆಳಮೂಲೆ,
ಎಂಬೆಡೆಡ್ ಸಿಸ್ಟಮ್ಸ್ ಪ್ರಯೋಗಾಲಯ, ಎರಡನೆಯ ಮಹಡಿ, ನಲ್ಲಿ ಸೋರುವ ತೊಟ್ಟಿಯ ಎದುರು.

ವಿಷಯ: ಒಂದು ಸಲ ಒತ್ತಿದಾಗ ಒಂದೇ ಸಲ ಎಣಿಸಿ ತಾವು ನನಗೆ ಮಾಡಿದ ಅನ್ಯಾಯವನ್ನು ಕುರಿತು.

ಮಾನ್ಯರೇ,

ತಮ್ಮ ಆರೋಗ್ಯವನ್ನೂ ತಮ್ಮ ಹೊಟ್ಟೆಯೊಳಗಿನ ಸ್ಪ್ರಿಂಗಿನ ಆರೋಗ್ಯವನ್ನೂ ತಮ್ಮನ್ನು ಹೊತ್ತು ನಿಂತಿರುವ ನಾಲ್ಕು ತಂತಿಗಾಲುಗಳ ಆರೋಗ್ಯವನ್ನೂ ಒಂದೇ ಉಸಿರಿನಲ್ಲಿ ವಿಚಾರಿಸುತ್ತಾ, ಧೂಳು, ಬೆವರು ಮತ್ತು ಮೂರನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹೆಬ್ಬೆರಳು ಎಂಬ ಮೂರು ಉಪದ್ರವಗಳಿಂದಲೂ ತಾವು ಕ್ಷೇಮವಾಗಿರುವಿರೆಂದು ನಂಬಿ, ಇದೇ ಪ್ರಯೋಗಾಲಯದ ಬೋಧಕನಾದ ನಾನು ಕೈಮುಗಿದು ಬರೆದುಕೊಳ್ಳುವ ದೂರು ಇದು. ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೇನೆಂದರೆ, ಗುಟ್ಟಾಗಿ ತಮ್ಮ ಹತ್ತಿರ ನಾನು ಆಡದ ಮಾತು ಇನ್ನು ಯಾವುದೂ ಉಳಿದಿಲ್ಲ; ಆ ಮಾತುಗಳಲ್ಲಿ ಕೆಲವನ್ನು ಅಚ್ಚು ಹಾಕಲೂ ಬರುವುದಿಲ್ಲ.

ದೂರು ಕೊಡುವವನು ಮೊದಲು ತಾನು ಯಾರೆಂದು ಹೇಳಬೇಕಾದದ್ದು ಕ್ರಮ. ಹನ್ನೊಂದು ವರ್ಷ ರೇಡಿಯೋ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತು ಕೈ ಸುಟ್ಟುಕೊಂಡೇ ವಿದ್ಯೆ ಕಲಿತವನು ನಾನು. ಈ ಕಾಲೇಜಿಗೆ ಉಪಕರಣ ರಿಪೇರಿ ಮಾಡಲು ಬಂದಿದ್ದೆ. ಅಷ್ಟರಲ್ಲಿ ಈ ಲ್ಯಾಬು ನೋಡಿಕೊಳ್ಳುತ್ತಿದ್ದ ಅಧ್ಯಾಪಕರು ಅರ್ಧ ವರ್ಷಕ್ಕೇ ಬಿಟ್ಟು ಹೋದರು. "ಎರಡು ವಾರ ಹಿಂಗೇ ತಳ್ಳಿ, ಅಷ್ಟರಲ್ಲಿ ಬೇರೆಯವರು ಬರ್ತಾರೆ" ಅಂದರು. ಆ ಎರಡು ವಾರಕ್ಕೆ ಈಗ ಹತ್ತೊಂಬತ್ತು ವರ್ಷ ತುಂಬಿದೆ. ಪದವಿಯ ಅಕ್ಷರಗಳು ನನ್ನ ಹೆಸರಿನ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಬಾಗಿಲ ಮೇಲಿನ ಹಲಗೆಯಲ್ಲಿ ಹೆಸರು ಒಂಟಿಯಾಗಿ, ಸ್ವಲ್ಪ ಚಳಿಯಲ್ಲಿ ನಿಂತ ಹಾಗೆ ನಿಂತಿದೆ. ನಾನು ಕಲಿಸುವುದಾದರೂ ಏನು ಎಂದರೆ, ಬಟ್ಟೆ ಒಗೆಯುವ ಯಂತ್ರದೊಳಗೆ, ಲಿಫ್ಟಿನೊಳಗೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಔಷಧ ಹನಿಸುವ ಪಂಪಿನೊಳಗೆ ಬೆರಳ ಉಗುರಿನಷ್ಟು ದೊಡ್ಡ ಚಿಪ್ ಒಂದು ಕೂತು ಕೆಲಸ ಮಾಡುತ್ತದಲ್ಲ, ಅದಕ್ಕೆ ಬುದ್ಧಿ ಬರೆದುಕೊಡುವ ವಿದ್ಯೆ. ಇದನ್ನೇ ಎಂಬೆಡೆಡ್ ಸಿಸ್ಟಮ್ಸ್ ಎಂದು ಕರೆದು, ಕಷ್ಟದ ವಿಷಯವೆಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಯಾರೋ ಹೇಳಿಟ್ಟಿರುತ್ತಾರೆ.

ಆ ಕಷ್ಟದ ವಿಷಯವನ್ನು ನಿಜವಾಗಿ ಕಲಿಸಿದವರು ನಾನಲ್ಲ, ತಾವು. ಇದನ್ನು ನಾನು ಯಾವ ವೇದಿಕೆಯ ಮೇಲೆ ಬೇಕಾದರೂ ಒಪ್ಪಿಕೊಳ್ಳಲು ಸಿದ್ಧನಿದ್ದೇನೆ, ಯಾವ ವೇದಿಕೆಗೂ ನನ್ನನ್ನು ಕರೆಯುವುದಿಲ್ಲವಾದ್ದರಿಂದ ಧೈರ್ಯವಾಗಿ.

ನಾಲ್ಕನೆಯ ವಾರದ ಪಾಠ ತಮಗೆ ಗೊತ್ತೇ ಇದೆ. ಒಂದು ಬಟನ್, ಒಂದು ಅಂಕಿ ತೋರಿಸುವ ಪರದೆ. ಒಂದು ಸಲ ಒತ್ತಿದರೆ ಅಂಕಿ ಒಂದರಷ್ಟು ಏರಬೇಕು, ಅಷ್ಟೇ. ಆರು ಸಾಲಿನ ಪ್ರೋಗ್ರಾಂ. ಅದನ್ನು ಬರೆದವರೆಲ್ಲ "ಇಷ್ಟೇನಾ ಸರ್?" ಎಂದು ತುಟಿ ಕೊಂಕಿಸುತ್ತಾರೆ. ಆಗ ನಾನು ಅತ್ಯಂತ ಸಾಧು ಮುಖ ಮಾಡಿಕೊಂಡು, "ಇಷ್ಟೇ. ಹದಿನೇಳನೇ ಮೇಜಿಗೆ ಹೋಗಿ ಒಂದ್ಸಲ ನೋಡ್ಕೊಂಡು ಬನ್ನಿ" ಎಂದು ತಮ್ಮ ಬಳಿಗೆ ಕಳಿಸುತ್ತೇನೆ. ಅಲ್ಲಿ ಒಂದು ಸಲ ಒತ್ತುತ್ತಾರೆ. ಪರದೆಯ ಮೇಲೆ ಏಳು ಬರುತ್ತದೆ.

ಇದರಲ್ಲಿ ಮಾಯೆಯೇನೂ ಇಲ್ಲ. ತಮ್ಮೊಳಗಿರುವ ಸಣ್ಣ ತಗಡು ಇನ್ನೊಂದು ತಗಡಿಗೆ ತಗಲಿದಾಗ, ಕೈಜಾರಿ ಬಿದ್ದ ಸ್ಟೀಲ್ ತಟ್ಟೆ ನೆಲದ ಮೇಲೆ ಸುಮ್ಮನಾಗುವ ಮೊದಲು ನಾಲ್ಕಾರು ಬಾರಿ ಟಣಟಣ ಎನ್ನುವ ಹಾಗೆ, ಕುಣಿದು ಕುಪ್ಪಳಿಸಿ ಆಮೇಲೆ ನಿಲ್ಲುತ್ತದೆ. ಮನುಷ್ಯರ ಕಣ್ಣಿಗೆ ಈ ಕುಣಿತ ಕಾಣದು. ಚಿಪ್‌ಗೆ ಕಾಣುತ್ತದೆ, ಅದು ಪ್ರತಿ ಕುಣಿತವನ್ನೂ ಹೊಸ ಒತ್ತೆಂದು ನಂಬಿ ಲೆಕ್ಕ ಹಾಕುತ್ತದೆ. ಎಲ್ಲ ಬಟನ್‌ಗಳಿಗೂ ಈ ಚಟ ಅಷ್ಟಿಷ್ಟು ಇದ್ದದ್ದೇ. ಉಳಿದ ಇಪ್ಪತ್ತಮೂರು ಬೋರ್ಡುಗಳ ಬಟನ್‌ಗಳು ಯಾವಾಗಲೋ ಒಮ್ಮೆ ಎರಡೆಂದು ಹೇಳಿ ನಾಚಿಕೊಂಡು ಸುಮ್ಮನಾಗುತ್ತವೆ. ತಾವು ಮಾತ್ರ ಸಾಮಾನ್ಯವಾಗಿ ಏಳು, ಬೇಸರವಿದ್ದರೆ ನಾಲ್ಕು, ಮನಸ್ಸು ಹಗುರಾಗಿದ್ದರೆ ಹನ್ನೊಂದು.

ತಮ್ಮೆದುರು ನಿಂತವರ ಮೊದಲ ಮಾತು ಹತ್ತೊಂಬತ್ತು ವರ್ಷದಿಂದ ಬದಲಾಗಿಲ್ಲ. "ಸರ್, ನಾನು ಒಂದೇ ಸಲ ಒತ್ತಿದ್ದು!" ಕಿಟಕಿ ಗಾಜು ಒಡೆದ ಜಾಗದಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ ಹೇಳುತ್ತಾರೆ. ಎರಡನೆಯ ಮಾತಿನಿಂದ ಪ್ರತಿಭೆ ಶುರುವಾಗುತ್ತದೆ. ಅವರು ಕೊಟ್ಟ ಕಾರಣಗಳನ್ನೆಲ್ಲ ನಾನು ದಾಸ್ತಾನು ಪುಸ್ತಕದ ಕೊನೆಯ ಹಾಳೆಗಳಲ್ಲಿ ತಾರೀಖಿನ ಸಮೇತ ಬರೆದಿಟ್ಟಿದ್ದೇನೆ: ಬೆರಳು ನಡುಗಿತು, ಬೋರ್ಡ್ ಬಿಸಿಯಾಗಿದೆ, ಬೋರ್ಡ್ ತಣ್ಣಗಿದೆ, ತಾನು ಎಡಗೈಯವನು, ಸರ್ ಹಿಂದೆ ನಿಂತಿದ್ದರು. ಒಬ್ಬ, ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ ತಮ್ಮನ್ನು ಮುಟ್ಟಿ ನೋಡಿದ, ಹನ್ನೊಂದು ಬಂತು. ಇನ್ನೊಬ್ಬಳು ತಮ್ಮ ಕ್ಷಮೆ ಕೇಳಿದಳು. ಇವರೆಲ್ಲರಿಗಿಂತ ಮಿಗಿಲಾದ ಒಂದು ತಂಡ ಐದು ಸಲ ಒತ್ತಿ, ಐದು ಸಲವೂ ಏಳೇಳು ಬಂದದ್ದನ್ನು ನೋಡಿ, ಸಮಸ್ಯೆ ಬಗೆಹರಿಯಿತೆಂದು ಚಪ್ಪಾಳೆ ತಟ್ಟಿ, ಪ್ರೋಗ್ರಾಮಿನ ಕೊನೆಗೆ ಏಳರಿಂದ ಭಾಗಿಸುವ ಸಾಲೊಂದನ್ನು ಸೇರಿಸಿ ನನ್ನನ್ನು ಕರೆಯಿತು. ನಾನು ಒತ್ತಿದೆ. ತಾವು ಬೇಸರದಲ್ಲಿದ್ದಿರಿ, ನಾಲ್ಕು ಎಣಿಸಿದಿರಿ. ಏಳರಿಂದ ಭಾಗಿಸಿದ ಮೇಲೆ, ಪೂರ್ಣ ಅಂಕಿಯನ್ನಷ್ಟೇ ತೋರಿಸುವ ಪರದೆಯಲ್ಲಿ ಸೊನ್ನೆ ಬಂತು. ಬಟನ್ ಒತ್ತಿದವನೇ ಇಲ್ಲ ಎಂದು ತೀರ್ಪಾದ ಮೇಲೆ ನಾನು ನನ್ನ ಜಾಗಕ್ಕೆ ಹೋಗಿ ಕುಳಿತೆ.

ಎರಡು ಗಂಟೆ ಹೀಗೆ ಒದ್ದಾಡಲು ಬಿಟ್ಟ ನಂತರವಷ್ಟೇ ನಾನು ಬಾಯಿ ಬಿಡುವುದು. ರಿಪೇರಿ ಅಂಗಡಿಯಲ್ಲಿ ಗಿರಾಕಿ ಬಂದ ಕೂಡಲೇ "ರೇಡಿಯೋ ತಾನಾಗೇ ಕೆಡ್ತು" ಅನ್ನುತ್ತಿದ್ದ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಮತ್ತೆ ಕೇಳಿದರೆ "ಮಗಳು ಒಂಚೂರು ನೀರು ಚೆಲ್ಲಿದ್ಲು" ಅನ್ನುತ್ತಿದ್ದ. ಬಟನ್ ಹತ್ತಿರವೂ ಅಷ್ಟೇ, ಮೊದಲ ಮಾತನ್ನು ಕೇಳಿಸಿಕೋ, ನಂಬಬೇಡ; ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ತಡೆದು ಮತ್ತೆ ಕೇಳು, ಆಗಲೂ ಒತ್ತಿದೆ ಅಂದರೆ ಒತ್ತಿದೆ. ಪ್ರೋಗ್ರಾಮಿನಲ್ಲಿ ಹೀಗೆ ಕಾಯಿಸಬಹುದು. ಪ್ರೋಗ್ರಾಂ ಮುಟ್ಟಲು ಆಗದ ಕಡೆ ಬಟನ್ನಿನ ಕಾಲುಗಳ ನಡುವೆ ಒಂದು ಸಣ್ಣ ಕೆಪಾಸಿಟರ್ ಬೆಸೆದರೆ ಅದೇ ಆ ಕುಣಿತವನ್ನು ನುಂಗಿಕೊಳ್ಳುತ್ತದೆ. ಇಷ್ಟು ಹೇಳಿದಾಗ ಆ ಮುಖಗಳು ಬೆಳಗುವುದನ್ನು ತಾವು ಕೆಳಗಿನಿಂದ, ನಾನು ಮೇಲಿನಿಂದ, ವರ್ಷಕ್ಕೆ ಎರಡು ಸಲ ನೋಡುತ್ತ ಬಂದಿದ್ದೇವೆ. ಇಂಥ ಜೊತೆಗಾರಿಕೆಗೆ ತಾವು ದ್ರೋಹ ಬಗೆದಿರಿ ಎಂಬುದೇ ನನ್ನ ದೂರಿನ ತಿರುಳು.

ಸುತ್ತೋಲೆ ಬಂದ ದಿನ ತಮಗೂ ನೆನಪಿರಬಹುದು, ಅದನ್ನು ನಾನು ತಮ್ಮ ಬೋರ್ಡಿನ ಮೇಲೇ ಇಟ್ಟು ಓದಿದೆ. ಆಧುನೀಕರಣ ಸಮಿತಿಯ ತೀರ್ಮಾನದಂತೆ ಇಪ್ಪತ್ತನಾಲ್ಕು ಬೋರ್ಡುಗಳನ್ನೂ ನಿರುಪಯುಕ್ತ ಪಟ್ಟಿಗೆ ಸೇರಿಸುವುದು, ಅವುಗಳ ಬದಲಿಗೆ ಕಂಪ್ಯೂಟರಿನ ಪರದೆಯ ಮೇಲೆ ಬೋರ್ಡಿನ ಚಿತ್ರ ಬರೆದು ಅದನ್ನೇ ಓಡಿಸುವ ಸಿಮ್ಯುಲೇಟರ್ ಎಂಬ ತಂತ್ರಾಂಶವನ್ನು ಬಳಸುವುದು, ತೆರವಾದ ಕೋಣೆಯಲ್ಲಿ ಸೋಫಾಗಳುಳ್ಳ ನಾವೀನ್ಯತಾ ಸಭಾಂಗಣ ಮಾಡುವುದು, ಹಾಲಿ ಬೋಧಕರನ್ನು ಪರೀಕ್ಷಾ ವಿಭಾಗದ ಉಗ್ರಾಣಕ್ಕೆ, ಉತ್ತರ ಪತ್ರಿಕೆಗಳ ಕಟ್ಟು ಎಣಿಸಲು, ವರ್ಗಾಯಿಸುವುದು. ಎಣಿಸುವ ಕೆಲಸವೇ ಸಿಕ್ಕಿತಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಕಾಗದದ ಕಟ್ಟು ಒಂದು ಸಲ ಎಣಿಸಿದರೆ ಒಂದೇ ಇರುತ್ತದೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ಸಿಮ್ಯುಲೇಟರಿನ ಮೇಲೆ ನನಗೆ ಹಗೆಯಿಲ್ಲ. ಅದರ ಪರದೆಯ ಮೇಲಿರುವ ಬಟನ್‌ಗೆ ತಗಡಿಲ್ಲ, ತಗಡಿಲ್ಲದ್ದರಿಂದ ಕುಣಿತವಿಲ್ಲ. ತಂತಿ ಸಡಿಲಾಗುವುದಿಲ್ಲ, ಬೆವರು ತಾಗುವುದಿಲ್ಲ, ಯಾರೂ ಉಲ್ಟಾ ಜೋಡಿಸಿ ಹೊಗೆ ಎಬ್ಬಿಸುವುದಿಲ್ಲ. ಆರು ಸಾಲಿನ ಪ್ರೋಗ್ರಾಂ ಅಲ್ಲಿ ಮೊದಲ ಏಟಿಗೇ ಪಾಸು. ಅಲ್ಲಿ ಪಾಸಾದವರು ನಾಳೆ ಔಷಧ ಹನಿಸುವ ಪಂಪಿಗೆ ಪ್ರೋಗ್ರಾಂ ಬರೆದು, ನರ್ಸಮ್ಮ ಒಂದು ಸಲ ಒತ್ತಿದ್ದಕ್ಕೆ ಅದು ಏಳು ಹನಿ ಬಿಟ್ಟರೆ ಹಾಸಿಗೆಯಲ್ಲಿ ಮಲಗಿದವರು "ನಾನು ಒಂದೇ ಕೇಳಿದ್ದು" ಎಂದು ಯಾರಿಗೆ ಹೇಳಬೇಕು ಎಂಬುದಷ್ಟೇ ನನ್ನ ಅಳುಕು.

ನಮ್ಮ ವಿಭಾಗದ ಮುಖ್ಯಸ್ಥೆ ಮಾತು ಕಡಿಮೆ, ಕೆಲಸ ಜಾಸ್ತಿ ಎಂಬ ಜಾತಿಯವರು. ಅವರ ಬಳಿ ಹೋಗಿ ಇದನ್ನು ತೋಡಿಕೊಂಡಾಗ, "ಸಮಿತಿಯವರು ಸೋಮವಾರ ಬರ್ತಾರೆ, ಐದು ನಿಮಿಷ ಕೊಡಿಸ್ತೀನಿ. ಭಾಷಣ ಮಾತ್ರ ಬೇಡ ಮೇಷ್ಟ್ರೇ, ತೋರಿಸಿ" ಅಂದರು. ತೋರಿಸುವುದಕ್ಕೆ ನನ್ನ ಹತ್ತಿರ ತಾವಿರುವಾಗ ಭಾಷಣ ಯಾಕೆ ಬೇಕು? ಅದೇ ಆರು ಸಾಲಿನ ಪ್ರೋಗ್ರಾಮನ್ನು, ಕಾಯುವ ಸಾಲಿಲ್ಲದೆ, ಸಿಮ್ಯುಲೇಟರಿಗೂ ಹಾಕಿದೆ, ತಮ್ಮ ಬೋರ್ಡಿಗೂ ಹಾಕಿದೆ. ಅಧ್ಯಕ್ಷರು ಅಲ್ಲಿ ಹತ್ತು ಸಲ ಒತ್ತಿದರೆ ಹತ್ತು, ಇಲ್ಲಿ ಹತ್ತು ಸಲ ಒತ್ತಿದರೆ ಎಪ್ಪತ್ತು. ಆ ಅರವತ್ತರ ಅಂತರವೇ ನಮ್ಮ ವಿಷಯ ಸ್ವಾಮಿ ಎಂದು ಹೇಳಿ ಕೈಕಟ್ಟಿ ನಿಲ್ಲುವುದು ನನ್ನ ಯೋಜನೆ. ಶನಿವಾರ ಲ್ಯಾಬು ಗುಡಿಸಿ, ಒರೆಸಿ, ಎಲ್ಲ ವಿದ್ಯಾರ್ಥಿಗಳನ್ನೂ ನಿಲ್ಲಿಸಿ ಖಡಾಖಂಡಿತವಾಗಿ ಹೇಳಿದೆ: "ಸೋಮವಾರದ ತನಕ ಹದಿನೇಳರ ಪ್ರೋಗ್ರಾಂ ಯಾರೂ ಮುಟ್ಟಕೂಡದು. ಒಂದಕ್ಷರ ಬದಲಾಯ್ತೋ, ನೋಡಿ ಆಮೇಲೆ." ಎಲ್ಲರೂ ತಲೆಯಾಡಿಸಿದರು. ಬೀರುವಿನ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದ್ದು ನನ್ನ ಗಮನಕ್ಕೆ ಬಂತು, ಶ್ರದ್ಧೆ ಎಂದುಕೊಂಡೆ.

ಸೋಮವಾರ ಸಮಿತಿ ಬಂತು. ಅಧ್ಯಕ್ಷರು ಮುಂದೆ, ಫೈಲು ಹಿಡಿದವರು ಹಿಂದೆ, ಅವರ ಹಿಂದೆ ಯಾಕೆ ಬಂದಿದ್ದಾರೆಂದು ಅವರಿಗೇ ಗೊತ್ತಿಲ್ಲದ ಇಬ್ಬರು. ಸಿಮ್ಯುಲೇಟರಿನಲ್ಲಿ ಹತ್ತು ಒತ್ತು, ಹತ್ತು ಎಣಿಕೆ. "ಈಗ ಈ ಕಡೆ ಬನ್ನಿ ಸರ್" ಎಂದು ಮದುವೆಗೆ ಗಂಡು ತೋರಿಸುವವನ ಹಾಗೆ ಅಧ್ಯಕ್ಷರನ್ನು ತಮ್ಮೆದುರು ತಂದು ನಿಲ್ಲಿಸಿ, "ಒಂದೇ ಒಂದು ಸಲ ಒತ್ತಿ, ಏನಾಗುತ್ತೋ ನೋಡಿ" ಅಂದೆ.

ಒತ್ತಿದರು. ಒಂದು.

ನಾನು ನಕ್ಕೆ. ಇನ್ನೊಮ್ಮೆ ಒತ್ತಿಸಿದೆ. ಎರಡು. ಆಮೇಲೆ ಮೂರು, ನಾಲ್ಕು, ಮಗ್ಗಿ ಒಪ್ಪಿಸುವ ಜಾಣ ಮಗುವಿನ ಹಾಗೆ ಹತ್ತರ ತನಕ. "ಒಂದ್ನಿಮಿಷ ಸರ್" ಎಂದು ನಾನೇ ಒತ್ತಿದೆ. ಹನ್ನೊಂದು. ಅಡ್ಡ ಒತ್ತಿದೆ, ಓರೆ ಒತ್ತಿದೆ, ಉಗುರಿನಿಂದ, ಪೆನ್ನಿನ ತುದಿಯಿಂದ, ಕೊನೆಗೆ ಮಾನ ಬಿಟ್ಟು ಮೊಣಕೈಯಿಂದ. ಅವರದೂ ನನ್ನದೂ ಸೇರಿ ಮೂವತ್ತನಾಲ್ಕು ಒತ್ತು, ಮೂವತ್ತನಾಲ್ಕೇ ಬಂತು. "ಸರ್, ಇದು ಹೀಗೆ ಸರಿಯಾಗಿ ಎಣಿಸಬಾರದು" ಎಂದು ಬೆವರು ಒರೆಸಿಕೊಳ್ಳುತ್ತಾ ಹೇಳಿದ ನನ್ನ ಮಾತು ಆ ಕೋಣೆಯ ಗೋಡೆಗಳಿಗೂ ಕೇಳಿಸಿ ಅವಕ್ಕೂ ನಾಚಿಕೆಯಾಗಿರಬೇಕು. ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿ, "ಮೇಷ್ಟ್ರೇ, ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅಳೋರನ್ನ ನಾನು ಇವತ್ತೇ ನೋಡಿದ್ದು. ಅಲ್ಲೂ ಹತ್ತು, ಇಲ್ಲೂ ಹತ್ತು. ಹಾಗಿದ್ಮೇಲೆ ಎರಡೆರಡು ಯಾಕ್ರೀ?" ಅಂದರು. ಫೈಲು ಹಿಡಿದವರು ಅದನ್ನು ಬರೆದುಕೊಂಡರು. ಮುಖ್ಯಸ್ಥೆ ಕಿಟಕಿಯ ಹೊರಗೆ ನೋಡತೊಡಗಿದರು. ಬೀರುವಿನ ಪಕ್ಕದ ಹುಡುಗಿ ಮಾತ್ರ ಮುಖದ ತುಂಬ ನಗುತ್ತಿದ್ದಳು. ಮೂರು ವರ್ಷದಲ್ಲಿ ಅವಳು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು, ಅದೂ ನನ್ನ ಈ ಗತಿಗೆ.

ಮನೆಗೆ ಹೋಗಿ ನಡೆದದ್ದನ್ನು ಹೇಳಿದರೆ ನನ್ನ ಹೆಂಡತಿ ಚೂರೂ ಕನಿಕರ ತೋರಿಸಲಿಲ್ಲ. "ಇಪ್ಪತ್ತೆಂಟು ವರ್ಷದಿಂದ ನಾನು ಏಳು ಸಲ ಹೇಳಿದ್ರೆ ನಿಮಗೆ ಒಂದು ಸಲ ಕೇಳುತ್ತೆ. ಆ ಬಟನ್ ಈಗ ನಿಮ್ಮನ್ನ ನೋಡಿ ಕಲ್ತಿರ್ಬೇಕು ಬಿಡ್ರೀ" ಎಂದು ಒಳಗೆ ಹೋದಳು.

ಮಾರನೆಯ ದಿನ ಹಸ್ತಾಂತರಕ್ಕೆಂದು ದಾಸ್ತಾನು ಎಣಿಸಲು ಕುಳಿತೆ. ಮಾನ್ಯರೇ, ನನ್ನಲ್ಲಿ ಗುಣವೆಂದು ಹೇಳಿಕೊಳ್ಳುವಂಥದು ಒಂದೇ: ನನ್ನ ಪುಸ್ತಕದಲ್ಲಿರುವುದು ನನ್ನ ಡಬ್ಬಿಯಲ್ಲಿರುತ್ತದೆ. ಬೋರ್ಡ್ ಇಪ್ಪತ್ತನಾಲ್ಕು, ಸರಿ. ಬೆಸುಗೆ ಕಡ್ಡಿ ಆರು, ಒಂದಕ್ಕೆ ಹಿಡಿಯಿಲ್ಲ, ಅದೂ ಬರೆದಿದೆ, ಸರಿ. ಸಣ್ಣ ಕೆಪಾಸಿಟರ್ ಇನ್ನೂರ ಹನ್ನೆರಡು ಎಂದು ಶುಕ್ರವಾರ ನಾನೇ ಬರೆದಿದ್ದೆ. ಡಬ್ಬಿಯಲ್ಲಿ ಇನ್ನೂರ ಹನ್ನೊಂದು. ಮತ್ತೆ ಎಣಿಸಿದೆ, ಇನ್ನೂರ ಹನ್ನೊಂದು. ಒಂದು ಕೆಪಾಸಿಟರ್ ಕಡಿಮೆಯಾದರೆ ಪ್ರಪಂಚ ಮುಳುಗುವುದಿಲ್ಲ ನಿಜ. ಆದರೆ ಮೂರನೆಯ ಸಲ ಎಣಿಸುವ ಹೊತ್ತಿಗೆ ನನ್ನ ಬೆರಳುಗಳು ತಾವಾಗಿ ನಿಂತವು. ಎದ್ದು ಬಂದು ತಮ್ಮ ಬೋರ್ಡನ್ನು ಕವುಚಿ ಹಾಕಿದೆ.

ಅಲ್ಲಿತ್ತು. ತಮ್ಮ ಎರಡು ಕಾಲುಗಳ ನಡುವೆ, ಸಾಸಿವೆ ಕಾಳಿನಷ್ಟು ಎರಡು ಬೆಸುಗೆ, ಎರಡೂ ದುಂಡಗೆ, ಎರಡೂ ಕನ್ನಡಿ. ನನ್ನ ಕೈಯಿಂದ ಕೂಡ ಅಂಥ ಬೆಸುಗೆ ಹತ್ತಕ್ಕೆ ಮೂರು ಸಲ ಬಂದರೆ ಹೆಚ್ಚು. ಸಿಟ್ಟು ಬರಬೇಕಾಗಿತ್ತು, ನಾನು ಕನ್ನಡಕ ತೆಗೆದು ಒರೆಸಿ, ಅದನ್ನು ಇನ್ನೊಮ್ಮೆ ನೋಡಿದೆ.

ಯಾರ ಕೆಲಸವೆಂದು ವಿಚಾರಣೆ ನಡೆಸುವ ಅಗತ್ಯವಿರಲಿಲ್ಲ. ಬೀರುವಿನ ಪಕ್ಕದ ಆ ಹುಡುಗಿಯನ್ನು ಸಹಪಾಠಿಗಳು 'ಮ್ಯೂಟ್' ಎಂದು ಕರೆಯುತ್ತಾರೆ; ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ದನಿ ಎತ್ತುವುದಿಲ್ಲ. ಮೊದಲ ದಿನ ಅವಳು ಹಾಕಿದ ಬೆಸುಗೆಯನ್ನು ನೋಡಿ, ಯಾರೋ ಬೋರ್ಡಿಗೆ ಚೂಯಿಂಗ್ ಗಮ್ ಅಂಟಿಸಿದ್ದಾರೆಂದು ನಾನು ಇಡೀ ತರಗತಿಯನ್ನು ಗದರಿದ್ದೆ. ಆಮೇಲೆ ಮೂರು ಶನಿವಾರ ಕೂರಿಸಿಕೊಂಡು ಕಲಿಸಿದ್ದೆ. ಈಗ ಕರೆಸಿ, ಬೋರ್ಡ್ ಕವುಚಿ ತೋರಿಸಿದೆ. ಅವಳು ನೆಲ ನೋಡುತ್ತಾ ಹೇಳಿದಳು: "ಸರ್, ಪ್ರೋಗ್ರಾಂ ಮುಟ್ಟಬೇಡಿ ಅಂದ್ರಿ. ನಾನು ಮುಟ್ಟಿಲ್ಲ. ಪ್ರೋಗ್ರಾಂ ಮುಟ್ಟೋಕೆ ಆಗದ ಕಡೆ ಕೆಪಾಸಿಟರ್ ಹಾಕಿ ಅಂತ ನೀವೇ ಹೇಳಿದ್ರಲ್ಲ. ಅಷ್ಟು ದೊಡ್ಡವರ ಮುಂದೆ ಇದು ಏಳು ಅಂತ ತೋರಿಸಿ ನಿಮಗೆ ಅವಮಾನ ಆದ್ರೆ ಅಂತ..."

ತಪ್ಪು ತೋರಿಸುವುದೇ ನನ್ನ ಉದ್ದೇಶವೆಂದು ನಾನು ಯಾರಿಗೂ ಹೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಏನು ಮಾಡಬಾರದೆಂದು ಹೇಳಿ, ಯಾಕೆಂದು ಹೇಳದೆ ಬಿಡುವ ಪ್ರೋಗ್ರಾಮನ್ನು ವಿದ್ಯಾರ್ಥಿಗಳು ಬರೆದರೆ ನಾನು ಅರ್ಧ ಅಂಕ ಕಳೆಯುತ್ತೇನೆ. ಆದರೂ ಹಿರಿತನ ಬಿಡದೆ, "ಸರಿ, ಅದನ್ನ ಬಿಚ್ಚಿ, ಮೊದಲಿನ ಹಾಗೆ ಮಾಡಿಬಿಡಮ್ಮ" ಅಂದೆ. ಅವಳು ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿ, "ಸರಿ ಇರೋದನ್ನ ಕೆಡಿಸೋದು ಹೇಗೆ ಸರ್? ಅದನ್ನ ನೀವು ಹೇಳ್ಕೊಟ್ಟಿಲ್ಲ" ಅಂದಳು.

ಹತ್ತೊಂಬತ್ತು ವರ್ಷದಲ್ಲಿ ವಿದ್ಯಾರ್ಥಿಯ ಪ್ರಶ್ನೆಗೆ ನಾನು ಚಹಾ ತರಿಸಿದ್ದು ಅದೊಂದೇ ಸಲ. ಚಹಾ ಕುಡಿಯುತ್ತಾ ಸುತ್ತೋಲೆಯನ್ನು ಅವಳ ಕೈಗೆ ಕೊಟ್ಟೆ. ಓದಿ ಮುಗಿಸಿದಳು, ಲೋಟ ಕೆಳಗಿಟ್ಟಳು, ಒಂದು ಸಣ್ಣ ಕಟರ್ ತೆಗೆದು ಜೇಬಿಗೆ ಹಾಕಿಕೊಂಡು, "ಅಧ್ಯಕ್ಷರು ಎಷ್ಟು ಗಂಟೆಗೆ ಸಿಗ್ತಾರೆ ಸರ್?" ಅಂದಳು. ಕಟರ್ ಜೇಬಿಗಿಟ್ಟುಕೊಂಡು ಕೇಳಿದ್ದರಿಂದ ಒಂದು ಕ್ಷಣ ನನಗೆ ಬೇರೆಯೇ ಭಯವಾಯಿತು.

ಮುಂದಿನದಕ್ಕೆ ತಾವೇ ಸಾಕ್ಷಿ. ತಮ್ಮನ್ನು ಹಳೆ ಟವೆಲಿನಲ್ಲಿ ಸುತ್ತಿ ಒಯ್ದದ್ದು ನಾನೇ. ಅಧ್ಯಕ್ಷರ ಕೋಣೆಯ ಗಾಜಿನ ಮೇಜಿನ ಮೇಲೆ ತಮ್ಮನ್ನಿಟ್ಟು ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿ, "ಸರ್, ಒಂದು ಹತ್ತು ಸಲ ಒತ್ತಿ" ಅಂದಳು. ಅವರು ಒತ್ತಿದರು. ಹತ್ತು. ಅವಳು ಬೋರ್ಡ್ ಕವುಚಿ ಕೆಪಾಸಿಟರಿನ ಒಂದು ಕಾಲನ್ನು ಟಿಕ್ ಎಂದು ಕತ್ತರಿಸಿ, ಮತ್ತೆ ಮಗುಚಿ, ಎಣಿಕೆಯನ್ನು ಸೊನ್ನೆಗೆ ತಂದು, "ಈಗ ಒತ್ತಿ" ಅಂದಳು. ಅವರು ಅದೇ ಬೆರಳಿನಿಂದ ಅಷ್ಟೇ ಗಾಂಭೀರ್ಯದಿಂದ ಹತ್ತು ಸಲ ಒತ್ತಿದರು. ಪರದೆಯ ಮೇಲೆ ಅರವತ್ತಮೂರು.

"ನಾನು ಹತ್ತೇ ಸಲ ಒತ್ತಿದ್ದು!" ಎಂದರು ಅಧ್ಯಕ್ಷರು, ಗಾಜು ಒಡೆದ ಜಾಗದಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ.

ಆ ಕ್ಷಣದಲ್ಲಿ, ಮಾನ್ಯರೇ, ನಾನು ತಮ್ಮ ಅರ್ಧ ತಪ್ಪನ್ನು ಮನ್ನಿಸಿಬಿಟ್ಟೆ. ಅವರು ಸೋಲೊಪ್ಪದೆ, "ಇದನ್ನ ಆ ಸಿಮ್ಯುಲೇಟರಲ್ಲೂ ಮಾಡಬಹುದಲ್ವಾ?" ಎಂದು ಕೇಳಿದಾಗ, ನಾನು ಇಲ್ಲವೆಂದು ಸುಳ್ಳು ಹೇಳಲು ಬಾಯಿ ತೆರೆದಿದ್ದೆ. ಅವಳು, "ಮಾಡಬಹುದು ಸರ್. ಆದ್ರೆ ಹೀಗೂ ಆಗುತ್ತೆ ಅಂತ ಮೊದಲು ಗೊತ್ತಿರ್ಬೇಕಲ್ಲ. ಅದು ಗೊತ್ತಾಗೋದು ಇದರ ಹತ್ತಿರ" ಎಂದು ತಮ್ಮ ಕಡೆ ಬೆರಳು ಮಾಡಿದಳು. ಅಧ್ಯಕ್ಷರು ಇನ್ನೊಂದು ಸಲ, ಯಾರೂ ಹೇಳದೆ, ತಾವಾಗಿಯೇ ಒತ್ತಿ ನೋಡಿದರು. ಅರವತ್ತೊಂಬತ್ತಾಯಿತು. ಅವರಿಗೆ ನಗು ಬಂತು, ಅದನ್ನು ಅವರು ಕೆಮ್ಮು ಮಾಡಿಕೊಂಡರು.

ಎಂಟು ದಿನಕ್ಕೆ ಆದೇಶ ಬಂತು. ಹನ್ನೆರಡು ಬೋರ್ಡು, ಅರ್ಧ ಕೋಣೆ, ಒಂದು ವರ್ಷ, ನಾನು ಇದ್ದಲ್ಲೇ. ಉಳಿದ ಅರ್ಧಕ್ಕೆ ಪ್ಲೈವುಡ್ ಅಡ್ಡಗೋಡೆ ಬಿದ್ದು ಆ ಕಡೆ ಸೋಫಾಗಳು ಕೂತಿವೆ; ಈ ಕಡೆ ಬೈಗುಳ, ಆ ಕಡೆ ನಾವೀನ್ಯತೆ. ಆದರೆ ಆದೇಶದ ಕೊನೆಯಲ್ಲಿ, ಸರ್ಕಾರಿ ಭಾಷೆ ಬಲ್ಲ ಯಾರೋ ಪುಣ್ಯಾತ್ಮರು ಒಂದು ಷರತ್ತು ಸೇರಿಸಿದ್ದಾರೆ: ಹದಿನೇಳನೆಯ ಮೇಜಿನ ಬಟನ್ ಎಂದಿನಂತೆ ತಪ್ಪು ಎಣಿಸುತ್ತಿದೆಯೆಂದು ಬೋಧಕರು ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ಪ್ರಮಾಣಪತ್ರ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಲ್ಯಾಬನ್ನು ಮುಚ್ಚತಕ್ಕದ್ದು.

ಈ ಪತ್ರ ಬರೆಯಬೇಕಾಗಿ ಬಂದದ್ದೇ ಇದಕ್ಕಾಗಿ. ಇನ್ನು ಮುಂದೆ ನನ್ನ ಲ್ಯಾಬು ನಿಂತಿರುವುದು ತಮ್ಮ ಸುಳ್ಳಿನ ಮೇಲೆ. ಆದ್ದರಿಂದ ತಾವು ದಯವಿಟ್ಟು ವಯಸ್ಸಾಯಿತೆಂದು ಸಾಧುವಾಗಬಾರದು. ತಗಡು ಸವೆದು ಮೆತ್ತಗಾಗಬಾರದು. ತಪಾಸಣೆಯವರು ಬಂದ ದಿನ ಐದಕ್ಕೆ ಕಡಿಮೆ ಎಣಿಸಬಾರದು, ಉತ್ಸಾಹದಲ್ಲಿ ಹನ್ನೊಂದಕ್ಕೂ ಹೋಗಬಾರದು, ನಾನೇ ಹೇಳಿಕೊಟ್ಟಿದ್ದೇನೆಂದು ಅನುಮಾನ ಬರುತ್ತದೆ. ಸಾಧ್ಯವಾದರೆ ತಮ್ಮ ವಿದ್ಯೆಯನ್ನು ಅಧ್ಯಕ್ಷರ ಪೆನ್ನಿಗೂ ಸ್ವಲ್ಪ ಕಲಿಸಿ, ಒಂದು ಬೋರ್ಡಿಗೆಂದು ಅವರು ಹಾಕಿದ ಸಹಿ ಏಳು ಬೋರ್ಡಿಗೆ ಅನ್ವಯವಾಗುವಂತೆ ಮಾಡಬೇಕು. ನನ್ನ ಒಂದು ದಿನದ ರಜಾ ಅರ್ಜಿಯ ವಿಷಯದಲ್ಲೂ ಇದೇ ಕೃಪೆ ತೋರಬಹುದು. ಇದಾವುದೂ ಆಗದಿದ್ದರೂ ಅಡ್ಡಿಯಿಲ್ಲ, ನಾಲ್ಕನೆಯ ವಾರ, ಗುರುವಾರ, ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಹೊಸ ತಂಡ ಬರುತ್ತದೆ. "ಇಷ್ಟೇನಾ ಸರ್?" ಎಂದು ಕೇಳುತ್ತದೆ. ಆಗ ಮಾತ್ರ ಕೈ ಬಿಡಬೇಡಿ.

ಕಳೆದುಹೋದ ಕೆಪಾಸಿಟರಿನ ಬಗ್ಗೆ ಒಂದು ಮಾತು. ಅದು ಇನ್ನೂ ತಮ್ಮ ಕಾಲಿಗೇ ಅಂಟಿಕೊಂಡು, ಕತ್ತರಿಸಿದ ಇನ್ನೊಂದು ಕಾಲನ್ನು ಗಾಳಿಯಲ್ಲಿ ಎತ್ತಿ, ಹಾಜರಿ ಹೇಳುವ ಹುಡುಗಿಯ ಕೈಯಂತೆ ನಿಂತಿದೆ. ಅದನ್ನು ದಾಸ್ತಾನಿನಿಂದ ಇಳಿಸಬೇಕಾಗಿ ಬಂದಾಗ, ಖರ್ಚಾದ ಕಾರಣ ಎಂಬ ಅಂಕಣದಲ್ಲಿ ನಾನು "ಪಾಠ ಅರ್ಥವಾಯಿತು" ಎಂದು ಬರೆದೆ. ಪರಿಶೀಲನೆಯ ಗುಮಾಸ್ತರು, ಇಂಥ ಕಾರಣ ನಿಯಮದಲ್ಲಿಲ್ಲ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ನಾನು ಅದರ ಕೆಳಗೆ ಮತ್ತೆ ಅದನ್ನೇ ಬರೆದಿದ್ದೇನೆ.

ತಮ್ಮ ಪ್ರತಿ ಮಾತನ್ನೂ ಎರಡು ಸಲ ಕೇಳಿದ ನಂತರವೇ ನಂಬುವ,
ತಮ್ಮ ವಿಶ್ವಾಸಿ,
ಹದಿನೇಳನೆಯ ಮೇಜಿನೆದುರಿನ ಸ್ಟೂಲಿನವನು

ಸಹಿಯಾದ ಮೇಲೆ ನೆನಪಾದದ್ದು: ಪ್ಲೈವುಡ್ಡಿನ ಆಚೆಗಿನ ಸಭಾಂಗಣದಲ್ಲಿ ಅಧ್ಯಕ್ಷರಿಗಾಗಿ, ಸಿಮ್ಯುಲೇಟರಿನಲ್ಲೇ ಪರೀಕ್ಷಿಸಿ ನೂರಕ್ಕೆ ನೂರು ಪಾಸಾದ ಕಾಲಿಂಗ್ ಬೆಲ್ ಒಂದನ್ನು ಕೂರಿಸಿದ್ದಾ‍ರೆ. ಅವರು ಒಂದು ಸಲ ಒತ್ತಿದರೆ ಹೊರಗೆ ಐದು ಸಲ ಬಡಿದುಕೊಳ್ಳುತ್ತದೆ. "ಐದು ಸಲ ಹೊಡೆದ್ರು ಅಂದ್ರೆ ಸಾಹೇಬ್ರಿಗೆ ಸಿಟ್ಟು ಬಂದಿದೆ ಅಂತ ಲೆಕ್ಕ" ಎಂದು ಬಾಗಿಲು ಕಾಯುವವರು ಚಹಾ, ನೀರು, ಫೈಲು, ಔಷಧ ಎಲ್ಲವನ್ನೂ ಒಟ್ಟಿಗೆ ಹೊತ್ತು ಓಡುತ್ತಾರೆ. ಕೇಳಿದರೆ ಹೇಳೋಣವೆಂದು ತಾವೂ ನಾನೂ ಸುಮ್ಮನಿದ್ದೇವೆ. ಮ್ಯೂಟ್ ಮಾತ್ರ ಜೇಬಿನಲ್ಲಿ ಒಂದು ಕೆಪಾಸಿಟರ್ ಇಟ್ಟುಕೊಂಡು ಓಡಾಡುತ್ತಿದ್ದಾಳೆ. ಪುಸ್ತಕದಲ್ಲಿ ಈಗ ಇನ್ನೂರ ಹತ್ತು.